ಗುಜರಿಯಿಂದ ಕುಸುರಿ: ಪರದೇಶದ ಕಾರ್ಯಾಗಾರಗಳ ಬಗ್ಗೆ ಓದುಗರ ಪ್ರಶ್ನೆಗಳು

ವಿದೇಶ ಪ್ರವಾಸದ ನಡುವೆ ಒಂದೆರಡು ದಿನ ಬಿಡುವು ಮಾಡಿಕೊಂಡು, ಅಲ್ಲಿನ ಕುಶಲಕರ್ಮಿಗಳ ಪಕ್ಕದಲ್ಲಿ ಕುಳಿತು, ಬಿಸಾಡಿದ ಗಾಜು, ಬಟ್ಟೆ, ತಂತಿ, ಪ್ಲಾಸ್ಟಿಕ್‌ಗಳಿಂದ ಏನಾದರೊಂದನ್ನು ಮಾಡಲು ಕಲಿಯಬೇಕೆಂಬ ಆಸೆಯನ್ನು ಈಚೆಗೆ ಹಲವು ಓದುಗರು ಬರೆದು ತಿಳಿಸುತ್ತಿದ್ದಾರೆ. ಅಂಥ ಪತ್ರಗಳಲ್ಲಿ ಕೆಲವನ್ನು ಒಟ್ಟಿಗೆ ತೆಗೆದುಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಹೆಸರು ಪ್ರಕಟಿಸುವುದು ಬೇಡವೆಂದು ಹೆಚ್ಚಿನವರು ಕೋರಿರುವುದರಿಂದ ಯಾರ ಹೆಸರನ್ನೂ ಕೊಟ್ಟಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮುಂದಿನ ವರ್ಷ ಮಗ ಮತ್ತು ಸೊಸೆಯ ಜೊತೆ ವಿದೇಶಕ್ಕೆ ಹೋಗುವವಳಿದ್ದೇನೆ. ಅಂಗಡಿ ಸುತ್ತುವುದರಲ್ಲಿ ನನಗೆ ಆಸಕ್ತಿಯಿಲ್ಲ. ಮರುಬಳಕೆಯ ವಸ್ತುಗಳಿಂದ ಕರಕುಶಲ ಕೆಲಸ ಕಲಿಸುವ ಕಡೆ ಒಂದು ದಿನ ಕಳೆಯಬೇಕೆಂದಿದೆ. ಆದರೆ ಜಾಹೀರಾತು ನೋಡಿದರೆ ಎಲ್ಲರೂ ತಮ್ಮನ್ನು ಪರಿಸರಸ್ನೇಹಿ ಎಂದೇ ಕರೆದುಕೊಳ್ಳುತ್ತಾರೆ. ನಿಜವಾದದ್ದನ್ನು ಗುರುತಿಸುವುದು ಹೇಗೆ?

ಉತ್ತರ: ಶುಲ್ಕ, ಸಮಯಗಳನ್ನು ವಿಚಾರಿಸುವುದಕ್ಕೂ ಮೊದಲು ಸಂಘಟಕರಿಗೆ ಒಂದು ಪ್ರಶ್ನೆ ಕೇಳಿ: ‘ಈ ಸಾಮಗ್ರಿ ನಿಮಗೆ ಎಲ್ಲಿಂದ ಬಂತು?’ ಕಸುಬು ನಿಜವಾಗಿಯೂ ಬಿಸಾಡಿದ ವಸ್ತುವನ್ನೇ ನಂಬಿಕೊಂಡಿದ್ದರೆ ಇದಕ್ಕೆ ಉತ್ತರ ತಡವಿಲ್ಲದೆ, ವಿವರವಾಗಿ ಬರುತ್ತದೆ. ಏಕೆಂದರೆ ಸಾಮಗ್ರಿಯನ್ನು ಹೊಂದಿಸಿಕೊಳ್ಳುವುದೇ ಅವರ ದಿನದ ಅರ್ಧ ಕೆಲಸವಾಗಿರುತ್ತದೆ. ಯಾವ ಹೋಟೆಲಿನ ಬಾಟಲಿ, ಯಾವ ದರ್ಜಿಯ ಅಂಗಡಿಯ ಚಿಂದಿ, ಯಾವ ಕಡಲತೀರದ ಚಪ್ಪಲಿ ಎಂದು ಅವರು ಹೆಸರು ಹಿಡಿದು ಹೇಳುತ್ತಾರೆ. ಪ್ರಶ್ನೆ ಕೇಳಿದ ಕೂಡಲೇ ಮಾತು ಪರಿಸರದ ಮಹತ್ವದ ಕಡೆಗೆ ಹೊರಳಿದರೆ ನಾನಾದರೆ ಎಚ್ಚರಗೊಳ್ಳುತ್ತೇನೆ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಪ್ರವಾಸಿಗರು ಕಿಕ್ಕಿರಿಯುವ ಒಂದು ನಗರದಲ್ಲಿ ಬಾಟಲಿ ಮುಚ್ಚಳಗಳಿಂದ ಗೋಡೆಚಿತ್ರ ಮಾಡಿಸುವ ಕಾರ್ಯಾಗಾರಕ್ಕೆ ಹೋಗಿದ್ದೆ. ಮೇಜಿನ ಮೇಲೆ ಸುರಿದಿದ್ದ ರಾಶಿಯಿಂದ ಒಂದು ಮುಚ್ಚಳವನ್ನು ಎತ್ತಿ ನೋಡಿದರೆ ಅದರ ಬುಡದ ಉಂಗುರ ಹಾಗೆಯೇ ಅಂಟಿಕೊಂಡಿತ್ತು. ಬಾಟಲಿಯನ್ನು ಮೊದಲ ಸಲ ತಿರುಗಿಸಿ ತೆರೆದಾಗ ಕಿತ್ತುಹೋಗುವ ಉಂಗುರ ಅದು. ಇನ್ನೊಂದನ್ನು ಎತ್ತಿದೆ, ಅದೂ ಹಾಗೆಯೇ ಇತ್ತು. ಆ ಮುಚ್ಚಳಗಳು ಯಾವ ಬಾಟಲಿಯ ಬಾಯನ್ನೂ ಕಂಡಿರಲಿಲ್ಲ. ಹೊಸದಾಗಿ ಕೊಂಡು ತಂದು, ‘ಮರುಬಳಕೆ’ಯ ಹೆಸರಿನಲ್ಲಿ ನಮ್ಮ ಮುಂದೆ ಸುರಿಯಲಾಗಿತ್ತು. ಅಂದಿನಿಂದ ಎಲ್ಲಿಗೆ ಹೋದರೂ ನಾನು ಮೊದಲು ಸಾಮಗ್ರಿಯನ್ನು ಕೈಗೆತ್ತಿಕೊಂಡು ನೋಡುತ್ತೇನೆ. ಬಳಸಿದ ವಸ್ತುವಿನ ಮೇಲೆ ಗೀರು, ಕಲೆ, ಮಾಸಿದ ಬಣ್ಣ, ಯಾವುದೋ ಹಳೆಯ ಹೊಲಿಗೆಯ ತೂತು ಇದ್ದೇ ಇರುತ್ತದೆ.

ಹೊಸ ಸಾಮಗ್ರಿ ಬಳಸುವುದೇ ಅಪರಾಧವೆಂದು ಇದರಿಂದ ತಿಳಿಯಬಾರದು. ದಕ್ಷಿಣ ಆಫ್ರಿಕಾದ ಡರ್ಬನ್ ಸುತ್ತಮುತ್ತ ಝುಲು ಕುಶಲಕರ್ಮಿಗಳು ಹೆಣೆಯುವ ಬಣ್ಣದ ತಂತಿಬುಟ್ಟಿಗಳನ್ನೇ ನೋಡಿ. ರಾತ್ರಿ ಪಾಳಿಯ ಕಾವಲುಗಾರರು ದೂರವಾಣಿ ತಂತಿಯ ತುಂಡುಗಳನ್ನು ತಮ್ಮ ಬಡಿಗೆಗಳಿಗೆ ಸುತ್ತುತ್ತಿದ್ದರು; ಆ ಕೈಚಳಕವು ‘ಇಂಬೆಂಗೆ’ ಎಂಬ ಮಡಕೆ ಮುಚ್ಚಳಗಳ ಹಳೆಯ ಹೆಣಿಗೆಯೊಡನೆ ಕೂಡಿ ಈ ಕಲೆ ಬೆಳೆಯಿತು. ಇಂದು ಬೇಡಿಕೆ ಹೆಚ್ಚಿರುವುದರಿಂದ ಅನೇಕರು ಹೊಸ ತಂತಿಯನ್ನೇ ಕೊಂಡು ಹೆಣೆಯುತ್ತಾರೆ. ಅದನ್ನು ಮುಚ್ಚಿಡದೆ ಹೇಳುವ ಕಲಾವಿದರ ಬಳಿ ಕಲಿಯುವುದು ಗೌರವದ ಸಂಗತಿ. ನನ್ನ ಆಕ್ಷೇಪವಿರುವುದು ಸುಳ್ಳಿನ ಬಗ್ಗೆ ಮಾತ್ರ.

ಕಲಿಸುವವರು ಯಾರು, ನೀವು ಕೊಟ್ಟ ಶುಲ್ಕದಲ್ಲಿ ಅವರ ಪಾಲಿಗೆ ಬರುವುದೆಷ್ಟು ಎಂಬುದನ್ನೂ ಸೌಜನ್ಯದಿಂದ ವಿಚಾರಿಸಿ. ಮಧ್ಯವರ್ತಿಯ ಮೂಲಕ ಹೋಗುವುದಕ್ಕಿಂತ ಕುಶಲಕರ್ಮಿಗಳ ಸಹಕಾರ ಸಂಘ, ವಸ್ತುಸಂಗ್ರಹಾಲಯ ಅಥವಾ ನಗರದ ಪ್ರವಾಸಿ ಮಾಹಿತಿ ಕೇಂದ್ರದ ಮೂಲಕ ಹೋದರೆ ಈ ಲೆಕ್ಕ ಸಾಮಾನ್ಯವಾಗಿ ಹೆಚ್ಚು ಸ್ವಚ್ಛವಾಗಿರುತ್ತದೆ. ಶುಲ್ಕ ಪಡೆಯುವ ಕಾರ್ಯಾಗಾರವೇ ಆಗಬೇಕೆಂದೂ ಇಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾದ ‘ರಿಪೇರ್ ಕೆಫೆ’ಗಳು ಇಂದು ಅನೇಕ ದೇಶಗಳ ಊರುಗಳಲ್ಲಿ ನಡೆಯುತ್ತವೆ, ಅಲ್ಲಿ ಸ್ವಯಂಸೇವಕರು ನಿಮ್ಮ ಹರಿದ ಚೀಲವನ್ನೋ ಕೆಟ್ಟ ದೀಪವನ್ನೋ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಸರಿಪಡಿಸುತ್ತಾರೆ. ನೀವು ಶಿಕ್ಷಕಿಯಾಗಿದ್ದವರು, ಆದ್ದರಿಂದ ಇನ್ನೊಂದು ಹೆಸರನ್ನು ಸೇರಿಸುತ್ತೇನೆ. ಇಟಲಿಯ ರೆಜಿಯೊ ಎಮಿಲಿಯಾ ನಗರದಲ್ಲಿ 1996ರಿಂದ ‘ರೆಮಿದಾ’ ಎಂಬ ಕೇಂದ್ರವಿದ್ದು, ಕಾರ್ಖಾನೆಗಳಲ್ಲಿ ಮಿಕ್ಕ ಕಾಗದ, ಚರ್ಮ, ಲೋಹ, ಪಿಂಗಾಣಿಯ ಚೂರುಪಾರುಗಳನ್ನು ಅದು ಶಾಲೆಗಳ ಕಲಿಕೆಗೆ ಒದಗಿಸುತ್ತದೆ. ನಿಮ್ಮ ಪ್ರವಾಸದ ದಾರಿಯಲ್ಲಿ ಇಟಲಿ ಇದ್ದರೆ ಮೊದಲೇ ಬರೆದು, ಭೇಟಿಗೆ ಅನುಮತಿ ಕೇಳಿ.

ಪ್ರಶ್ನೆ: ಹನ್ನೊಂದು ವರ್ಷದ ಮಗಳನ್ನು ಪ್ಲಾಸ್ಟಿಕ್ ಕರಗಿಸಿ ಆಟಿಕೆ ಮಾಡುವ ಕಾರ್ಯಾಗಾರಕ್ಕೆ ಸೇರಿಸಬೇಕೆಂದಿದ್ದೇವೆ. ಹೊಗೆಯಿಂದ ತೊಂದರೆಯಾಗಬಹುದೇ?

ಉತ್ತರ: ಯಾವ ಪ್ಲಾಸ್ಟಿಕ್, ಎಷ್ಟು ಬಿಸಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪ್ಲಾಸ್ಟಿಕ್ ವಸ್ತುಗಳ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಯಾವುದಾದರೊಂದು ಅಂಕಿ ಇರುತ್ತದೆ. ಶಾಂಪೂ ಬಾಟಲಿ, ಹಾಲಿನ ಡಬ್ಬಗಳ 2ನೇ ಬಗೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ಊಟದ ಡಬ್ಬಗಳ 5ನೇ ಬಗೆ ಸುಮಾರು 160 ಡಿಗ್ರಿಯಲ್ಲಿಯೂ ಮೆತ್ತಗಾಗಿ ಕರಗುತ್ತವೆ. ಹದವರಿತು ಬಿಸಿ ಮಾಡುವ ಯಂತ್ರವಿದ್ದು, ಗಾಳಿಯಾಡುವ ಕೋಣೆಯಿದ್ದರೆ ಇವೆರಡು ಕಾರ್ಯಾಗಾರಕ್ಕೆ ಹೊಂದುವ ಬಗೆಗಳು. 3ನೇ ಅಂಕಿಯ ಪಿವಿಸಿ ಮಾತ್ರ ಬೇಡವೇ ಬೇಡ. ಅದು ಹೆಚ್ಚು ಬಿಸಿಯಾದಾಗ ಹೈಡ್ರೋಜನ್ ಕ್ಲೋರೈಡ್ ಎಂಬ, ಕಣ್ಣು ಗಂಟಲುಗಳನ್ನು ಸುಡುವ ಅನಿಲ ಹೊರಬರುತ್ತದೆ. ವಿಂಗಡಣೆ ಮಾಡದೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ತೆರೆದ ಬೆಂಕಿಯ ಮೇಲೆ ಕರಗಿಸುವುದನ್ನು ಕಂಡರೆ, ಕೊಟ್ಟ ಹಣ ಹೋದರೂ ಚಿಂತೆಯಿಲ್ಲ, ಮಗಳನ್ನು ಕರೆದುಕೊಂಡು ಹೊರಗೆ ಬನ್ನಿ.

ನೆದರ್‌ಲೆಂಡ್ಸ್‌ನ ವಿನ್ಯಾಸಕಾರ ಡೇವ್ ಹಾಕನ್ಸ್ 2013ರಲ್ಲಿ ಆರಂಭಿಸಿದ ‘ಪ್ರೆಷಸ್ ಪ್ಲಾಸ್ಟಿಕ್’ ಯೋಜನೆಯು ಪ್ಲಾಸ್ಟಿಕನ್ನು ಪುಡಿ ಮಾಡುವ, ಕರಗಿಸಿ ಅಚ್ಚಿಗೆ ತುಂಬುವ ಸಣ್ಣ ಯಂತ್ರಗಳ ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿದ್ದರಿಂದ, ಅಂಥ ಯಂತ್ರಗಳನ್ನಿಟ್ಟುಕೊಂಡ ಚಿಕ್ಕ ಕಾರ್ಯಾಗಾರಗಳು ಹಲವು ದೇಶಗಳಲ್ಲಿ ತಲೆಯೆತ್ತಿವೆ. ಮಕ್ಕಳಿಗೆ ಬಣ್ಣ ವಿಂಗಡಿಸುವುದು, ಅಚ್ಚು ಬಿಚ್ಚುವುದು ಇಂಥ ಕೆಲಸಗಳನ್ನು ಕೊಟ್ಟು, ಬಿಸಿಯ ಭಾಗವನ್ನು ದೊಡ್ಡವರೇ ನೋಡಿಕೊಳ್ಳುವ ಕಡೆಯನ್ನು ಆರಿಸಿಕೊಳ್ಳಿ. ಮರದ ಕೆಲಸಕ್ಕೆ ಸೇರಿಸುವುದಾದರೆ ಸರಕು ಸಾಗಣೆಯ ಹಳೆಯ ಪ್ಯಾಲೆಟ್ ಹಲಗೆಗಳ ಮೇಲಿನ ಮುದ್ರೆಯನ್ನು ಓದಿ. ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ ಮರ, ತೊಂದರೆಯಿಲ್ಲ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ ಮರ, ಅದನ್ನು ಮಕ್ಕಳು ಗರಗಸದಿಂದ ಕೊಯ್ಯುವುದು, ಉಜ್ಜುವುದು ಬೇಡ.

ಪ್ರಶ್ನೆ: ಅಲ್ಲಿನ ಭಾಷೆ ನನಗೆ ಬರುವುದಿಲ್ಲ, ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಕುಳಿತು ಕಲಿಯಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ನಾನು ಕಲಿತ ಕೆಲಸಗಳಲ್ಲಿ ಚೆನ್ನಾಗಿ ನೆನಪಿನಲ್ಲಿ ಉಳಿದಿರುವುದನ್ನು ಬಹುಪಾಲು ಮಾತಿಲ್ಲದೆಯೇ ಕಲಿತೆ. ಘಾನಾ ದೇಶದ ಪೂರ್ವ ಪ್ರಾಂತ್ಯದ ಕ್ರೋಬೊ ಜನರು ಒಡೆದ ಬಾಟಲಿಗಳ ಗಾಜಿನಿಂದ ಮಣಿ ಮಾಡುತ್ತಾರೆ. ನಮಗೆ ಕಲಿಸಿದವರು ಐವತ್ತು ದಾಟಿದ ಹಿರಿಯರು. ಅವರು ಮೊದಲು ಒಂದು ಹಸಿರು ಬಾಟಲಿಯನ್ನು ಲೋಹದ ಒರಳಿಗೆ ಹಾಕಿ ಕುಟ್ಟಿ, ಜರಡಿ ಹಿಡಿದು, ಗೋಧಿ ಹಿಟ್ಟಿನಷ್ಟು ನುಣುಪಾದ ಪುಡಿಯನ್ನು ನನ್ನ ಅಂಗೈಗೆ ಹಾಕಿ ತೋರಿಸಿದರು. ಸಾಲುಸಾಲು ಕುಳಿಗಳಿರುವ ಜೇಡಿಮಣ್ಣಿನ ಅಚ್ಚಿಗೆ, ಗಾಜು ಅಂಟದಿರಲೆಂದು, ಬಿಳಿ ಜೇಡಿಯ ನೀರನ್ನು ಸವರಿ ಒಣಗಿಸಿದ್ದರು. ಆ ಕುಳಿಗಳಿಗೆ ಪುಡಿ ತುಂಬಿದ ಮೇಲೆ, ಮರಗೆಣಸಿನ ಎಲೆಯ ತೊಟ್ಟನ್ನು ಚಿಕ್ಕದಾಗಿ ಕತ್ತರಿಸಿ ಒಂದೊಂದು ಕುಳಿಯ ನಡುವೆ ನೆಟ್ಟಗೆ ಚುಚ್ಚಿದರು. ಅದು ಏಕೆಂದು ನನಗೆ ತಿಳಿಯಲಿಲ್ಲ. ಕೇಳಲು ಪದಗಳಿಲ್ಲದೆ ತೊಟ್ಟನ್ನು ತೋರಿಸಿ ಕೈಯಾಡಿಸಿದೆ. ಅವರು ತಮ್ಮ ಕೊರಳಿನ ಸರವನ್ನೆತ್ತಿ, ಮಣಿಗಳೊಳಗೆ ಹಾಯ್ದ ದಾರವನ್ನು ಬೆರಳಿನಿಂದ ತೋರಿಸಿದರು. ಗೂಡಿನ ಉರಿಯಲ್ಲಿ ಗಾಜು ಬೆಸೆದುಕೊಳ್ಳುವಾಗ ತೊಟ್ಟು ಸುಟ್ಟು ಬೂದಿಯಾಗುತ್ತದೆ, ಅದು ಇದ್ದ ಜಾಗವೇ ದಾರ ಪೋಣಿಸುವ ತೂತಾಗುತ್ತದೆ. ಒಂದು ವಾಕ್ಯದ ವಿವರಣೆಗಿಂತ ಆ ಸನ್ನೆ ನನಗೆ ಚೆನ್ನಾಗಿ ತಿಳಿಯಿತು.

ಗೂಡಿನಿಂದ ತೆಗೆದು ತಣಿಸಿದ ಮಣಿಗಳು ಮೊದಲಿಗೆ ಬೂದು ಮೆತ್ತಿ ಒರಟಾಗಿರುತ್ತವೆ. ಮರಳು ಮತ್ತು ನೀರು ಹಾಕಿ ಕಲ್ಲಿನ ಮೇಲೆ ಎರಡೂ ಕೈಗಳಿಂದ ಉಜ್ಜುತ್ತಾ ಹೋದಂತೆ ಬಣ್ಣ ಮೇಲೇಳುತ್ತದೆ. ಉಜ್ಜುವ ಕೆಲಸಕ್ಕೆ ಬಂದಾಗಲೇ ಪ್ರವಾಸಿಗರು ಎದ್ದು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಈ ಕಸುಬಿನ ನಿಜವಾದ ದುಡಿಮೆ ಏನೆಂದು ತಿಳಿಯುವುದು ಅಲ್ಲಿಯೇ. ಗಾಜು ಕುಟ್ಟುವಾಗ, ಜರಡಿ ಹಿಡಿಯುವಾಗ ಮೂಗು ಬಾಯಿಗಳಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲೇಬೇಕು. ಅವರ ಬಳಿ ಇರಲಿಕ್ಕಿಲ್ಲ, ಆದ್ದರಿಂದ ನೀವೇ ಒಯ್ಯಿರಿ, ಸಾಧ್ಯವಾದರೆ ಕಲಿಸುವವರಿಗೂ ಸೇರಿಸಿ ಒಯ್ಯಿರಿ. ಅದೇ ಪ್ರಾಂತ್ಯದ ಕೊಫೊರಿಡುವಾ ಊರಿನಲ್ಲಿ ಗುರುವಾರಗಳಂದು ಮಣಿಗಳದ್ದೇ ಸಂತೆ ನೆರೆಯುತ್ತದೆ. ನಿಮ್ಮ ದಿನವನ್ನು ಅದಕ್ಕೆ ಹೊಂದಿಸಿಕೊಂಡರೆ ಮಾಡಿದ್ದನ್ನೂ ಮಾರಿದ್ದನ್ನೂ ಒಟ್ಟಿಗೆ ನೋಡಬಹುದು.

ಪ್ರಶ್ನೆ: ಜಪಾನಿನಲ್ಲಿ ಎರಡು ಗಂಟೆಗಳ ‘ಕಿಂತ್ಸುಗಿ’ ತರಗತಿಗೆ ಹಣ ಕಟ್ಟಿದ್ದೇನೆ. ಒಡೆದ ಬಟ್ಟಲನ್ನು ಚಿನ್ನದಿಂದ ಬೆಸೆದು, ಮನೆಗೆ ತಂದು ಅದರಲ್ಲಿ ಕುಡಿಯಬೇಕೆಂಬ ಆಸೆ. ಸಾಧ್ಯವೇ?

ಉತ್ತರ: ಎರಡು ಗಂಟೆಗಳಲ್ಲಿ ಕಲಿಸುವುದು ಸಾಂಪ್ರದಾಯಿಕ ಕಿಂತ್ಸುಗಿ ಆಗಿರಲಾರದು. ಆ ವಿಧಾನದಲ್ಲಿ ‘ಉರುಶಿ’ ಎಂಬ ಮರದ ಅಂಟನ್ನು ಬಳಸುತ್ತಾರೆ. ಅದು ಗಟ್ಟಿಯಾಗುವುದಕ್ಕೆ ಬೆಚ್ಚಗಿನ, ತೇವದ ಗಾಳಿ ಬೇಕು. ಒಂದೊಂದು ಪದರಕ್ಕೂ ದಿನಗಟ್ಟಲೆ ಕಾಯಬೇಕಾಗಿ, ಒಂದು ಬಟ್ಟಲು ಮುಗಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹಸಿ ಉರುಶಿ ತಾಗಿದರೆ ಅನೇಕರ ಚರ್ಮ ಕೆಂಪಾಗಿ, ತುರಿಕೆಯ ಗುಳ್ಳೆಗಳೇಳುತ್ತವೆ. ಅಲ್ಪಾವಧಿಯ ತರಗತಿಗಳಲ್ಲಿ ಸಾಮಾನ್ಯವಾಗಿ ಎಪಾಕ್ಸಿ ಅಂಟು ಮತ್ತು ಹಿತ್ತಾಳೆಯ ಅಥವಾ ಹೊಳಪಿನ ಪುಡಿ ಬಳಸುವುದರಿಂದ, ಆ ಬಟ್ಟಲನ್ನು ಅಲಂಕಾರಕ್ಕಿಡಿ, ಕುಡಿಯಲು ಬಳಸಬೇಡಿ. ಕಟ್ಟಿದ ಹಣ ವ್ಯರ್ಥವೆಂದು ನಾನು ಹೇಳುವುದಿಲ್ಲ. ಚೂರುಗಳನ್ನು ಹೊಂದಿಸುವ ತಾಳ್ಮೆಯನ್ನಾದರೂ ಕಲಿಯುತ್ತೀರಿ.

ಆದರೆ ಹಳೆಯ ವಸ್ತುವಿನ ಮರುಬಳಕೆಯೇ ನಿಮ್ಮನ್ನು ಸೆಳೆದಿದ್ದರೆ, ಒಂದೇ ದಿನದಲ್ಲಿ ಪ್ರಾಮಾಣಿಕವಾಗಿ ಏನಾದರೂ ಮುಗಿಸಬಹುದಾದ ಕಲೆಯೊಂದು ಅದೇ ದೇಶದಲ್ಲಿದೆ, ಅದು ‘ಸಾಕಿಒರಿ’. ಉತ್ತರ ಜಪಾನಿನ ಚಳಿಗೆ ಹತ್ತಿ ಬೆಳೆಯುತ್ತಿರಲಿಲ್ಲ. ಬೆಚ್ಚಗಿನ ಸೀಮೆಗಳಲ್ಲಿ ಉಟ್ಟು ಹಳತಾದ ಹತ್ತಿ ಬಟ್ಟೆಗಳು ಎಡೋ ಕಾಲದಲ್ಲಿ (1603–1868) ಹಡಗುಗಳ ಮೂಲಕ ಉತ್ತರಕ್ಕೆ ಬರುತ್ತಿದ್ದವು. ಬಡ ರೈತರು ಅವನ್ನು ತೇಪೆ ಹಾಕಿ ತೊಟ್ಟು, ತೀರಾ ಜೀರ್ಣವಾದ ಮೇಲೆ ಪಟ್ಟಿಪಟ್ಟಿಯಾಗಿ ಹರಿದು, ಗಟ್ಟಿ ನಾರಿನ ಹಾಸಿನ (ಉದ್ದ ಎಳೆಗಳ) ನಡುವೆ ಆ ಪಟ್ಟಿಗಳನ್ನೇ ಹೊಕ್ಕಾಗಿ (ಅಡ್ಡ ಎಳೆಯಾಗಿ) ಕೊಟ್ಟು ದಪ್ಪ ಬಟ್ಟೆ ನೇಯುತ್ತಿದ್ದರು. ಅವೊಮೊರಿ ಪ್ರಾಂತ್ಯದ ‘ನಾಂಬು ಸಾಕಿಒರಿ’ ಇಂದಿಗೂ ಜೀವಂತವಾಗಿದೆ. ಅಲ್ಲಿ ಬಳಸುವ ಹಳೆಯ ಮಾದರಿಯ ಮಗ್ಗದಲ್ಲಿ ಹಾಸಿನ ಬಿಗಿತವನ್ನು ನೇಯುವವರ ಸೊಂಟವೇ ಹಿಡಿದಿಡುತ್ತದೆ. ಬೆನ್ನು ಸ್ವಲ್ಪ ಸಡಿಲಿಸಿದರೂ ಎಳೆಗಳು ಜೋಲುತ್ತವೆ. ಹೂವಿನ ಬಟ್ಟೆಯ ಪಟ್ಟಿಯೊಂದು ಲಾಳಿಯಿಂದ ಹೊರಟು ನೇಯ್ಗೆಯೊಳಗೆ ಕೂತಾಗ ಹೂವು ಮಾಯವಾಗಿ ಬರೀ ಬಣ್ಣದ ಚುಕ್ಕೆಗಳು ಉಳಿಯುವುದನ್ನು ನೋಡುವುದಕ್ಕಾಗಿಯೇ ಒಮ್ಮೆ ಕುಳಿತುಕೊಳ್ಳಬೇಕು. ನಿಮ್ಮದೇ ಹಳೆಯ ಹತ್ತಿ ಸೀರೆಯೊಂದನ್ನು ಒಯ್ದರೆ ಅದನ್ನು ಹರಿದು ನೇಯಬಹುದೇ ಎಂದು ಮುಂಚಿತವಾಗಿ ಕೇಳಿ ನೋಡಿ.

ಪ್ರಶ್ನೆ: ಲಾವೋಸ್‌ನಲ್ಲಿ ಬಾಂಬಿನ ಲೋಹದಿಂದ ಚಮಚ ಮಾಡುವ ಹಳ್ಳಿಯಿದೆ ಎಂದು ಕೇಳಿದೆ. ಜನರ ದುಃಖದ ವಸ್ತುವಿನಿಂದ ನಾವು ಕುಶಲಕಲೆ ಕಲಿಯುವುದು ಸರಿಯೇ?

ಉತ್ತರ: ನಿಮ್ಮ ಸಂಕೋಚವನ್ನು ಗೌರವಿಸುತ್ತೇನೆ, ಆದರೂ ಹೋಗಿ ಎಂದೇ ಹೇಳುತ್ತೇನೆ. 1964ರಿಂದ 1973ರವರೆಗೆ ಅಮೆರಿಕವು ಲಾವೋಸ್ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಸುರಿಸಿತು. ಶಿಯೆಂಗ್ ಖ್ವಾಂಗ್ ಪ್ರಾಂತ್ಯದ ನಾಪಿಯಾ ಹಳ್ಳಿಯವರು ಆ ಯುದ್ಧದ ಅಲ್ಯುಮಿನಿಯಂ ಚೂರುಗಳನ್ನು ಕರಗಿಸಿ, ಮರ ಮತ್ತು ಬೂದಿಯ ಅಚ್ಚಿಗೆ ಹೊಯ್ದು ಚಮಚ ತೆಗೆಯುತ್ತಾರೆ. ಇದು ಅವರು ತಾವಾಗಿಯೇ ಕಂಡುಕೊಂಡ ಜೀವನೋಪಾಯ. ನಾವು ಮುಖ ತಿರುಗಿಸಿದರೆ ಅವರ ದುಃಖವೇನೂ ಕಡಿಮೆಯಾಗುವುದಿಲ್ಲ, ಗಳಿಕೆ ಮಾತ್ರ ಕಡಿಮೆಯಾಗುತ್ತದೆ. ಅಲ್ಯುಮಿನಿಯಂ 660 ಡಿಗ್ರಿಯಲ್ಲಿ ಕರಗುವ ಲೋಹವಾದ್ದರಿಂದ ಪಾದ ಮುಚ್ಚುವ ಚರ್ಮದ ಬೂಟು ಹಾಕಿಕೊಂಡು, ಹೊಯ್ಯುವ ಕೆಲಸವನ್ನು ಅವರಿಗೇ ಬಿಡಿ. ಆ ಪ್ರಾಂತ್ಯದ ನೆಲದಲ್ಲಿ ಸಿಡಿಯದೆ ಉಳಿದ ಬಾಂಬುಗಳು ಇಂದಿಗೂ ಇವೆ. ನೆಲದ ಮೇಲೆ ಕಂಡ ಯಾವ ಲೋಹದ ಚೂರನ್ನೂ ಮುಟ್ಟಬೇಡಿ, ಗುರುತು ಹಾಕಿದ ದಾರಿಯನ್ನು ಬಿಟ್ಟು ನಡೆಯಬೇಡಿ.

ಪ್ರಶ್ನೆ: ಒಂದು ಕಾರ್ಯಾಗಾರದವರು ನನಗೆ ಆರು ವಾರ ಊಟ, ವಸತಿ ಕೊಟ್ಟು, ಪ್ರತಿಯಾಗಿ ದಿನಕ್ಕೆ ನಾಲ್ಕು ಗಂಟೆ ಕೆಲಸ ಮಾಡಬೇಕೆನ್ನುತ್ತಾರೆ. ಪ್ರವಾಸಿ ವೀಸಾದಲ್ಲಿ ಹೋಗಬಹುದೇ?

ಉತ್ತರ: ಹಾಗೆ ಹೋಗಬೇಡಿ. ಊಟ, ವಸತಿಗೆ ಪ್ರತಿಯಾಗಿ ದುಡಿಯುವುದನ್ನು ಅನೇಕ ದೇಶಗಳು ಉದ್ಯೋಗವೆಂದೇ ಪರಿಗಣಿಸುತ್ತವೆ. ಕೈಗೆ ಕಾಸು ಬರದಿದ್ದರೂ ವಿಮಾನ ನಿಲ್ದಾಣದಿಂದಲೇ ನಿಮ್ಮನ್ನು ಹಿಂದಕ್ಕೆ ಕಳುಹಿಸಬಹುದು. ಹವ್ಯಾಸಕ್ಕಾಗಿ ಹಣ ಕೊಟ್ಟು ಕಲಿಯುವುದರ ಮಾತು ಬೇರೆ. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ 30 ದಿನಗಳವರೆಗಿನ ಹವ್ಯಾಸಿ ಕೋರ್ಸಿಗೆ ಅವಕಾಶವಿದೆ. ಅಮೆರಿಕದ ಬಿ-2 ವೀಸಾದಲ್ಲಿ ಪದವಿಗೆ ಲೆಕ್ಕವಾಗದ, ಚಿಕ್ಕ ಅವಧಿಯ ಹವ್ಯಾಸಿ ತರಗತಿಗೆ ಸೇರಬಹುದು. ನೀವು ಹೋಗಲಿರುವ ದೇಶದ ರಾಯಭಾರ ಕಚೇರಿಗೆ ಕಾರ್ಯಾಗಾರದವರ ಪತ್ರವನ್ನೇ ಲಗತ್ತಿಸಿ ಬರೆದು, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಪ್ರವಾಸ ವಿಮೆಯ ಷರತ್ತುಗಳಲ್ಲಿ ದೈಹಿಕ ದುಡಿಮೆ ಹಾಗೂ ಯಂತ್ರಗಳ ಬಳಕೆಯನ್ನು ಹೊರಗಿಟ್ಟಿದ್ದಾರೆಯೇ ಎಂದೂ ಓದಿ ನೋಡಿ. ತುಕ್ಕು ಹಿಡಿದ ತಗಡು, ತಂತಿಗಳ ಜೊತೆ ಕೆಲಸವಿದ್ದರೆ, ಧನುರ್ವಾಯು ಲಸಿಕೆ ಹಾಕಿಸಿಕೊಂಡು ಹತ್ತು ವರ್ಷ ದಾಟಿದೆಯೇ ಎಂದು ವೈದ್ಯರನ್ನು ಕೇಳಿಕೊಂಡೇ ಹೊರಡಿ.

ಪ್ರಶ್ನೆ: ಮಾಡಿದ್ದನ್ನು ಮನೆಗೆ ತರುವಾಗ ಯಾವುದಕ್ಕೆ ತಡೆ ಬರಬಹುದು?

ಉತ್ತರ: ಇಲ್ಲಿಯೂ ‘ಈ ಸಾಮಗ್ರಿ ಎಲ್ಲಿಂದ ಬಂತು?’ ಎಂಬ ಪ್ರಶ್ನೆಯೇ ಕೆಲಸಕ್ಕೆ ಬರುತ್ತದೆ, ಈ ಸಲ ಅದನ್ನು ಕೇಳುವವರು ಸುಂಕದ ಅಧಿಕಾರಿಗಳು. ಗಾಜಿನ ಮಣಿ, ನೇಯ್ದ ಬಟ್ಟೆ, ತಂತಿಬುಟ್ಟಿಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬೀಜ, ಹುಲ್ಲು, ಗರಿ, ಸಂಸ್ಕರಿಸದ ಮರ ಇದ್ದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಂಥ ದೇಶಗಳನ್ನು ಪ್ರವೇಶಿಸುವಾಗ ತಪ್ಪದೆ ಘೋಷಿಸಬೇಕು. ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಹವಳ, ಆಮೆಚಿಪ್ಪುಗಳಿಂದ ಮಾಡಿದ್ದನ್ನು ದಡದಲ್ಲಿ ಬಿದ್ದು ಸಿಕ್ಕಿದ್ದೆಂದು ಹೇಳಿದರೂ ತರಬೇಡಿ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಅವಕ್ಕೆ ಅನ್ವಯಿಸುತ್ತದೆ.

ಹೆಚ್ಚು ಜನ ಸಿಕ್ಕಿಕೊಳ್ಳುವುದು ಗುಂಡಿನ ತೋಟಾಗಳಿಂದ ಮಾಡಿದ ವಸ್ತುಗಳಲ್ಲಿ. ಬೋಸ್ನಿಯಾದ ಸರಾಯೆವೊ ನಗರದ ಹಳೆಯ ಪೇಟೆಯಲ್ಲಿ ತಾಮ್ರದ ಕಸುಬಿನವರು 1992ರಿಂದ 1996ರವರೆಗಿನ ಮುತ್ತಿಗೆಯ ಕಾಲದ ಖಾಲಿ ತೋಟಾಗಳಿಂದ ಪೆನ್ನು, ಹೂದಾನಿಗಳನ್ನು ಮಾಡುತ್ತಾರೆ, ಬಹಳ ಸೊಗಸಾದ ಕೆಲಸ. ಆದರೆ ವಿಮಾನ ನಿಲ್ದಾಣದ ಸ್ಕ್ಯಾನರಿನ ಪರದೆಯಲ್ಲಿ ಕಾಣುವುದು ತೋಟಾದ ಆಕಾರ ಮಾತ್ರ. ಅದು ಖಾಲಿ, ಅದು ಪೆನ್ನು ಎಂದು ವಿವರಿಸುವಷ್ಟರಲ್ಲಿ ವಿಮಾನ ಹೊರಟುಹೋಗಬಹುದು, ಕೆಲವು ದೇಶಗಳಲ್ಲಿ ಪೊಲೀಸ್ ಪ್ರಕರಣವೂ ಆಗಬಹುದು. ಅದನ್ನು ಅಲ್ಲಿಯೇ ನೋಡಿ, ಮಾಡುವುದನ್ನು ಕಲಿತು, ಹಾಗೆಯೇ ಬಿಟ್ಟು ಬನ್ನಿ. ಕತ್ತರಿ, ದಬ್ಬಣ, ಇಕ್ಕಳಗಳನ್ನು ಕೈಚೀಲದಲ್ಲಿಡದೆ ಸರಕಿಗೆ ಕೊಡುವ ಪೆಟ್ಟಿಗೆಯಲ್ಲಿಡಿ. ಬೆಂಕಿ ಹಿಡಿಯುವ ದ್ರಾವಕದ ಅಂಟನ್ನು ಎರಡರಲ್ಲಿಯೂ ಒಯ್ಯುವಂತಿಲ್ಲ. ಕೈಯಿಂದ ಮಾಡಿದ ಕಾಗದವಿದ್ದರೆ, ಹೊರಡುವ ಹಿಂದಿನ ದಿನದ ತರಗತಿಗೆ ಸೇರದೆ ಎರಡು ದಿನ ಮುಂಚೆಯೇ ಮಾಡಿಬಿಡಿ. ಒಳಗೆ ಹಸಿ ಉಳಿದ ಹಾಳೆ ಪೆಟ್ಟಿಗೆಯಲ್ಲಿ ಮಡಿಚಿಟ್ಟಾಗ ಬೂಷ್ಟು ಹಿಡಿಯುತ್ತದೆ.